ಜಾಗಟೆ ಯಾರ ಕೈಯಲ್ಲಿ

ಸವಣೂರು
14 ಜೂನ್ 1966

ಚಿರಂಜೀವಿ ಕಮಲಾವತಿಗೆ,

ಅಕ್ಷರ ನೋಡಿ ಬೇರೆ ಯಾರದೋ ಕಾಗದವೆಂದುಕೊಳ್ಳಬೇಡ. ಮಾತು ನನ್ನದು, ಬರೆಯುವ ಕೈ ಮಾತ್ರ ನಮ್ಮ ಮನೆಯಾಕೆ ದೇವಕಿಯದು. ಮೊನ್ನೆ ಆದಿತ್ಯವಾರ ಪುತ್ತೂರಿನಿಂದ ಬಸ್ಸು ಹಿಡಿದು ಬಂದು ಈ ನಿವೃತ್ತ ಮಾಷ್ಟ್ರ ಹತ್ತಿರ ಮೂರು ಗಂಟೆ ಕುಳಿತು ಹೋದೆಯಲ್ಲ, ಅದರ ಸಂತೋಷ ಇನ್ನೂ ಈ ಮನೆಯಲ್ಲಿದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸಿದೆ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೂ ಒಬ್ಬ ಶಿಷ್ಯೆ ಮನೆಗೆ ಬಂದು, "ಮಾಷ್ಟ್ರೇ, ಈ ರೇಡಿಯೋ ವಾಲ್ವ್ ಒಳಗೆ ಎಂತ ನಡೀತದೆ?" ಎಂದು ಕೇಳುತ್ತಾಳೆಂದರೆ ಆ ವರ್ಷಗಳಿಗೆ ಬೇರೆ ಸಂಭಾವನೆ ಬೇಕಾಗಿಲ್ಲ.

ನೀನು ಹೊರಡುವಾಗ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಬಾಕಿಯಿದೆ. ನಾನು ಕೂಟಗಳಲ್ಲಿ ಪದ ಹೇಳುವುದನ್ನು, ಹಾಡುವುದನ್ನು, ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. ಜನವರಿಯಲ್ಲಿ ಪಕ್ಷವಾತ ತಾಗಿದ ಮೇಲೆ ನಾಲಿಗೆ ಒಂದು ತಿಂಗಳಲ್ಲಿ ಮರಳಿತು, ಕಾಲು ಮೂರು ತಿಂಗಳಲ್ಲಿ ಮರಳಿತು, ಬಲಗೈ ಮರಳಲಿಲ್ಲ. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಪದ ಹಾಡುವ ಭಾಗವತನಿಗೆ ಎಡಗೈಯಲ್ಲಿ ಜಾಗಟೆ, ಬಲಗೈಯಲ್ಲಿ ಕೋಲು. ಜಾಗಟೆಯನ್ನು ಕಂಬಕ್ಕೆ ತೂಗುಹಾಕಿ ಎಡಗೈಯಿಂದ ಬಾರಿಸಿಯೂ ನೋಡಿದೆ. ನಲವತ್ತು ವರ್ಷ ಹಿಡಿಯುವುದನ್ನಷ್ಟೇ ಕಲಿತ ಕೈ ಈಗ ಹೊಡೆಯಲು ಕಲಿಯುವುದಿಲ್ಲ. ಪದದ ಮೇಲೆ ಗಮನವಿಟ್ಟರೆ ಪೆಟ್ಟು ತಪ್ಪುತ್ತದೆ, ಪೆಟ್ಟಿನ ಮೇಲೆ ಇಟ್ಟರೆ ಪದ ತಪ್ಪುತ್ತದೆ. ನನ್ನಲ್ಲಿ ಪದ ಕಲಿತ ಕೃಷ್ಣಮೋಹನ, "ನಾನು ಪಕ್ಕದಲ್ಲಿ ಕೂತು ತಾಳ ಹಾಕ್ತೇನೆ, ನೀವು ಪದ ಹೇಳಿ" ಎಂದ. ಬೇಡವೆಂದೆ.

ಬರುವ ವಿಜಯದಶಮಿಯಂದು ಕಡಬದಲ್ಲಿ ತಾಳಮದ್ದಳೆಯ ಕೂಟವಿದೆ. ಅಂದು ಜಾಗಟೆಯನ್ನು ಅವನಿಗೆ ಒಪ್ಪಿಸಿ ಸಭೆಯಲ್ಲಿ ಕುಳಿತು ಕೇಳುವವನಾಗುತ್ತೇನೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಬೇಕಾದಷ್ಟು ಹಾಡಿದ್ದೇನೆ.

ಬಿಡುವಾದಾಗ ಬಾ.

ನಿನ್ನ ಏಳಿಗೆಯನ್ನು ಬಯಸುವ
ರಾಮಪ್ರಸಾದ


ಪುತ್ತೂರು
30 ಜೂನ್ 1966

ಪೂಜ್ಯ ಮಾಷ್ಟ್ರಿಗೆ ಕಮಲಾವತಿಯ ನಮಸ್ಕಾರಗಳು.

ನಿಮ್ಮ ನಿರ್ಧಾರವನ್ನು ಎರಡು ಸಲ ಓದಿದೆ. ನಿಮ್ಮೊಡನೆ ವಾದಿಸುವಷ್ಟು ದೊಡ್ಡವಳು ನಾನಲ್ಲ. ಆದ್ದರಿಂದ ಬೇರೊಂದು ವಿಷಯ ಬರೆಯುತ್ತೇನೆ.

ಎಕ್ಸ್‌ಚೇಂಜಿನ ನನ್ನ ಬೋರ್ಡಿನಲ್ಲಿ ಐವತ್ತು ತೂತುಗಳು, ಹದಿನೈದು ಜೊತೆ ತಂತಿಗಳು. ಸುಳ್ಯದವರು ಕಡಬವನ್ನು ಕೇಳಿದರೆ ಒಂದು ಜೊತೆಯ ಎರಡು ತುದಿಗಳನ್ನು ಎರಡು ತೂತಿಗೆ ಚುಚ್ಚುತ್ತೇನೆ. ಮಾತು ಮುಗಿದಾಗ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತೇನೆ. ಬೋರ್ಡು ಅದೇ, ತೂತುಗಳೂ ಅವೇ. ತಂತಿ ಎಲ್ಲಿಂದ ಎಲ್ಲಿಗೆ ಎಂಬುದೊಂದು ಬದಲಾದರೆ ಕೆಲಸವೇ ಬೇರೆಯಾಗುತ್ತದೆ. ನಾಲ್ಕು ವರ್ಷ ಇದನ್ನೇ ಮಾಡುತ್ತ ಬಂದವಳಿಗೆ ಕಳೆದ ವಾರ ಒಂದು ಯೋಚನೆ ಬಂತು.

ಇಲ್ಲಿಯ ಪೇಟೆಯಲ್ಲಿ ಅದ್ದು ಎಂಬವರ, ಊರವರ ಬಾಯಲ್ಲಿ ಅದ್ದುಚ್ಚನ, ಗುಜರಿ ಅಂಗಡಿ ಉಂಟು. ಅಲ್ಲಿ ದೊಡ್ಡ ಊರಿನ ಎಕ್ಸ್‌ಚೇಂಜಿನ ಒಂದು ಹಳೆಯ ಸೆಲೆಕ್ಟರ್ ಕಂಡೆ. ಆಪರೇಟರ್ ಇಲ್ಲದ ಊರುಗಳಲ್ಲಿ ನನ್ನಂಥವರ ಕೆಲಸ ಮಾಡುವ ಯಂತ್ರದ ಭಾಗವದು. ಒಂದು ಸಲ ಕರೆಂಟು ಕೊಟ್ಟರೆ ಅದರ ತೋಳು ಟಕ್ ಎಂದು ಒಂದು ಮೆಟ್ಟಿಲು ಮುಂದೆ ಹೋಗುತ್ತದೆ. ಹೀಗೆ ಇಪ್ಪತ್ತೈದು ಮೆಟ್ಟಿಲುಗಳು.

"ಎಂತ ಅಕ್ಕ, ಮದುವೆಗೆ ಪಾತ್ರೆ ನೋಡುವ ಪ್ರಾಯದಲ್ಲಿ ತುಕ್ಕು ನೋಡ್ತಾ ಇದ್ದೀರಿ?" ಎಂದರು ಅದ್ದು.

"ಪಾತ್ರೆ ತಾಳ ಹಾಕುದಿಲ್ಲ ಅದ್ದುಚ್ಚ" ಎಂದೆ.

"ನಮ್ಮ ಮನೆಗೆ ಬಂದು ನೋಡಿ. ನನ್ನ ಹೆಂಡತಿ ಕದೀಜಮ್ಮನಿಗೆ ಸಿಟ್ಟು ಬಂದ್ರೆ ಪಾತ್ರೆ ಎಂತ ಎಲ್ಲ ಹಾಕ್ತದೆ ಅಂತ ಗೊತ್ತಾಗ್ತದೆ."

ಮಾಷ್ಟ್ರೇ, ಇಪ್ಪತ್ತೈದು ಮೆಟ್ಟಿಲುಗಳಲ್ಲಿ ಎಷ್ಟನೆಯದಕ್ಕೆ ಬಂದಾಗ ಮೊದಲಿಗೆ ಮರಳಬೇಕು ಎಂಬುದನ್ನು ಒಂದು ತಂತಿಯಿಂದ ನಿಶ್ಚಯಿಸಬಹುದು. ಏಳಕ್ಕೆ ಚುಚ್ಚಿದರೆ ಏಳು, ಹತ್ತಕ್ಕೆ ಚುಚ್ಚಿದರೆ ಹತ್ತು. ಯಾವ ಮೆಟ್ಟಿಲಿನಲ್ಲಿ ಪೆಟ್ಟು ಜೋರು, ಯಾವುದರಲ್ಲಿ ಮೆಲ್ಲಗೆ, ಯಾವುದರಲ್ಲಿ ಮೌನ ಎಂಬುದಕ್ಕೂ ಒಂದೊಂದು ತಂತಿ. ನಿಮ್ಮ ತಾಳಗಳನ್ನು ಅಂಕೆಗಳಲ್ಲಿ ಬರೆದು ಕಳಿಸುವಿರಾ? ವಿಜಯದಶಮಿಗೆ ಇನ್ನೂ ಮೂರು ತಿಂಗಳ ಮೇಲಿದೆ.

ನಿಮ್ಮ ವಿದ್ಯಾರ್ಥಿನಿ
ಕಮಲಾವತಿ


ಸವಣೂರು
15 ಜುಲೈ 1966

ಚಿರಂಜೀವಿ ಕಮಲಾವತಿಗೆ,

ನಿನ್ನ ಕಾಗದವನ್ನು ದೇವಕಿ ಜಗಲಿಯಲ್ಲಿ ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಮೊದಲಿನಿಂದ ಇನ್ನೆರಡು ಸಲ ಓದಿಸಿಕೊಂಡೆ. ಅದನ್ನೂ ಬರೆಯಬೇಕೆಂದು ಅವಳ ಹಟ, ಬರೆದಿದ್ದಾಳೆ.

ಮೊದಲು ಮಾಷ್ಟ್ರ ಪ್ರಶ್ನೆ. ಆ ಸೆಲೆಕ್ಟರ್ ಅದ್ದುವಿನ ಅಂಗಡಿಗೆ ಬಂದದ್ದು ನ್ಯಾಯವಾದ ದಾರಿಯಲ್ಲೇ? ಇಲಾಖೆಯ ಏಲಂನಲ್ಲಿ ಕೊಂಡದ್ದಕ್ಕೆ ಕಾಗದವಿದೆಯೇ ಎಂದು ಕೇಳು. ಇಲ್ಲವಾದರೆ ಅದು ನನಗೆ ಬೇಡ.

ಇನ್ನು ತಾಳ. ಏಕತಾಳಕ್ಕೆ ನಾಲ್ಕು ಅಕ್ಷರ, ಅಂದರೆ ನಾಲ್ಕು ಎಣಿಕೆ, ರೂಪಕಕ್ಕೆ ಆರು, ತ್ರಿವುಡೆಗೆ ಏಳು, ಜಂಪೆಗೆ ಹತ್ತು, ಅಷ್ಟಕ್ಕೆ ಹದಿನಾಲ್ಕು. ಪೆಟ್ಟುಗಳು ಬೀಳುವ ಜಾಗಗಳನ್ನು ಬೇರೆ ಹಾಳೆಯಲ್ಲಿ ಚೌಕ ಹಾಕಿಸಿದ್ದೇನೆ: ತುಂಬಿದ ಚೌಕ ಜೋರು ಪೆಟ್ಟು, ಅರ್ಧ ತುಂಬಿದ್ದು ಮೆದು, ಖಾಲಿ ಚೌಕ ಮೌನ. ಖಾಲಿ ಚೌಕವೆಂದು ತಾತ್ಸಾರ ಮಾಡಬೇಡ. ಮೌನವೂ ಸರಿಯಾದ ಜಾಗದಲ್ಲೇ ಬೀಳಬೇಕು. ಹೊಸಬರು ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಈ ಚೌಕಗಳನ್ನು ಹಾಕಿಸುವ ನೆಪದಲ್ಲಿ ಆರು ತಿಂಗಳ ಬಳಿಕ ತೊಡೆಯ ಮೇಲೆ ತಾಳ ತಟ್ಟಿದೆ. ದೇವಕಿ ಹೇಳಿದಳು: "ಎಡಗೈ ಅಂತ ಬೇಜಾರು ಮಾಡುದು ಬೇಡ. ತಟ್ಟಿ. ನಾನು ಎಣಿಸ್ತೇನೆ." ಅವಳ ಎಣಿಕೆ ಜಂಪೆಯಲ್ಲಿ ಎರಡು ಸಲ ಹನ್ನೊಂದಕ್ಕೆ ಹೋಯಿತು. ಮಗು, ಒಳ್ಳೆಯದನ್ನು ಆಶಿಸುವುದನ್ನು ನಾನು ಬಿಟ್ಟಿದ್ದೆನೆಂದು ಈಗ ಗೊತ್ತಾಗುತ್ತಿದೆ. ಯಂತ್ರ ಆಗಲಿ, ಆಗದಿರಲಿ, ಈ ಹಾಳೆಗಾಗಿ ನಿನಗೆ ಋಣಿ.

ರಾಮಪ್ರಸಾದ


ಪುತ್ತೂರು
21 ಆಗಸ್ಟ್ 1966

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ಏಲಂನ ಕಾಗದ ಉಂಟು. "ನಿಮ್ಮ ಮಾಷ್ಟ್ರು ಪೊಲೀಸಿನವರಾ?" ಎಂದು ಅದ್ದು ಕೇಳಿದರು. ಅದಕ್ಕಿಂತ ಕಷ್ಟದವರು ಎಂದೆ.

ಯಂತ್ರ ನಡೆಯುತ್ತಿದೆ. ಅದರ ಎದೆಬಡಿತ ಒಂದು ಚಿಕ್ಕ ನಿಯಾನ್ ದೀಪ. ದೀಪ ಮಿನುಗಿದಾಗಲೆಲ್ಲ ಸೆಲೆಕ್ಟರ್ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ. ದೀಪ ಬೇಗ ಮಿನುಗಿದರೆ ತಾಳ ಬೇಗ, ನಿಧಾನವಾದರೆ ನಿಧಾನ. ಮಿನುಗುವ ವೇಗವನ್ನು ಏರಿಸಿ ಇಳಿಸಲು ರೇಡಿಯೋದ್ದೊಂದು ತಿರುಗಿಸುವ ಬಿರಡೆ ಜೋಡಿಸಿದ್ದೇನೆ.

ನಾದಕ್ಕೆ ತುಂಬ ಒದ್ದಾಡಿದೆ. ಎರಡು ಹಳೆಯ ವಾಲ್ವುಗಳಿಂದ ಎರಡು ಸ್ವರ ಹುಟ್ಟಿಸಿದೆ. ಬಿಡಿಬಿಡಿಯಾಗಿ ಕೇಳಿದರೆ ಬೋಳು ಸ್ವರಗಳು, ಸೊಳ್ಳೆಯ ದನಿಯಂತೆ. ಜಾಗಟೆಯ ಹತ್ತಿರಕ್ಕೂ ಬರಲಿಲ್ಲ. ನಮ್ಮಲ್ಲಿ ದೂರದ ಊರಿನ ಲೈನುಗಳಿಗೆ ಬಳಸುವ ಪೆಟ್ಟಿಗೆಯಲ್ಲಿ ಒಂದು ಉಪಾಯ ಉಂಟು: ಕರೆಂಟನ್ನು ಒಂದೇ ಕಡೆಗೆ ಬಿಡುವ ನಾಲ್ಕು ಡಯೋಡುಗಳನ್ನು ಬಳೆಯ ಹಾಗೆ ಜೋಡಿಸಿ ಒಂದು ಸ್ವರದಿಂದ ಇನ್ನೊಂದನ್ನು ಅಲುಗಿಸುವುದು. ಹಾಗೆ ಮಾಡಿ ನೋಡಿದೆ. ಮಾಷ್ಟ್ರೇ, ಎರಡರಲ್ಲಿಯೂ ಇಲ್ಲದ ಮೂರನೆಯದೊಂದು ನಾದ ಬಂತು. ಕಂಚು. ಸ್ವರಕ್ಕೆಂದು ಇಟ್ಟ ಇನ್ನೊಂದು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹಿತ್ತಾಳೆ, ಇನ್ನೂ ಒಂದಿಷ್ಟು ತಿರುಗಿಸಿದರೆ ಒಡೆದ ಮಡಕೆ. ಒಂದು ಮಧ್ಯಾಹ್ನ ಪೂರ್ತಿ ತಂತಿಗಳನ್ನು ಅದಲುಬದಲು ಮಾಡುತ್ತ ಕುಳಿತೆ. ಅಂದು ಊಟದ ನೆನಪೇ ಆಗಲಿಲ್ಲ.

ಒಂದು ಇಂಗ್ಲಿಷ್ ರೇಡಿಯೋ ಪತ್ರಿಕೆಯಲ್ಲಿ ಓದಿದೆ: ಹೊರದೇಶದಲ್ಲಿ ಕೆಲವರು ಹೀಗೆಯೇ ತಂತಿ ಬದಲಿಸುತ್ತ ಇಡೀ ಸಂಗೀತವನ್ನೇ ಕಟ್ಟುತ್ತಾರಂತೆ. ಅವರ ಯಂತ್ರಗಳು ಗೋಡೆಯಷ್ಟು ದೊಡ್ಡವು. ನನ್ನದು ಸಾಬೂನು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಅಮ್ಮ ಪೂವಮ್ಮ ಸುಳ್ಯದಿಂದ ಬಂದಿದ್ದಳು. ಎಲ್ಲ ನೋಡಿ, "ಗೂಡೆ, ಕೇಳು ಹುಡುಗಿ, ಹೆಣ್ಣು ನೋಡ್ಲಿಕ್ಕೆ ಯಾರಾದ್ರೂ ಬಂದ್ರೆ ಇದನ್ನು ಮಂಚದ ಅಡಿಗೆ ಹಾಕು" ಎಂದಳು. ಆಮೇಲೆ ತಾನೇ ಬಿರಡೆ ತಿರುಗಿಸುತ್ತ ಅರ್ಧ ಗಂಟೆ ಕುಳಿತಿದ್ದಳು.

ಬರುವ ಆದಿತ್ಯವಾರ, 28ಕ್ಕೆ, ತರುತ್ತೇನೆ. ನಾನು ನಿಮ್ಮ ಪಕ್ಕದಲ್ಲೇ ಕುಳಿತು ಬಿರಡೆ ಹಿಡಿಯುತ್ತೇನೆ. ನೀವು ಏರಿಸಿದಂತೆ ಏರಿಸುತ್ತೇನೆ, ಇಳಿಸಿದಂತೆ ಇಳಿಸುತ್ತೇನೆ. ನೀವು ಹಾಡಿದರೆ ಸಾಕು.

ಕಮಲಾವತಿ


ಸವಣೂರು
1 ಸೆಪ್ಟೆಂಬರ್ 1966

ಚಿರಂಜೀವಿ ಕಮಲಾವತಿಗೆ,

ನೀನು ತಂದ ಯಂತ್ರ ಅತ್ಯುತ್ತಮವಾಗಿದೆ. ಅದರ ನಾದ ಶುದ್ಧ, ತಾಳ ನಿರ್ದುಷ್ಟ. ನಿನ್ನ ಬುದ್ಧಿಶಕ್ತಿಯನ್ನೂ ಶ್ರಮವನ್ನೂ ಕೊಂಡಾಡಲು ಮಾತು ಸಾಲದು. ಇದನ್ನು ಪ್ರತಿದಿನ ಉಪಯೋಗಿಸುತ್ತಿದ್ದೇನೆ. ಕಂಡವರೆಲ್ಲ ಮೆಚ್ಚಿಕೊಳ್ಳುತ್ತಾರೆ. ಇಂಥ ಶಿಷ್ಯೆಯನ್ನು ಪಡೆದದ್ದು ನನ್ನ ಭಾಗ್ಯ.

ಯಂತ್ರದಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ. ನೀನು ಇನ್ನು ಇದಕ್ಕಾಗಿ ಶ್ರಮಪಡಬೇಡ.

ಅನೇಕ ಆಶೀರ್ವಾದಗಳೊಂದಿಗೆ,
ರಾಮಪ್ರಸಾದ


ಸವಣೂರು
8 ಸೆಪ್ಟೆಂಬರ್ 1966

ಮಗಳೇ ಕಮಲ,

ಇದು ನಾನೇ, ದೇವಕಿ. ಮಾಷ್ಟ್ರು ಪೋಸ್ಟಾಫೀಸಿನ ಕಡೆ ನಡೆದು ಬರಲು ಹೋಗಿದ್ದಾರೆ. ಹಿಂದಿರುಗುವ ಮೊದಲು ಬರೆದು ಮುಗಿಸಬೇಕು.

ಕಳೆದ ವಾರದ ಕಾಗದದಲ್ಲಿ ಅಕ್ಷರಗಳೆಲ್ಲ ನನ್ನವು, ನಿಜ ಮಾತ್ರ ಹೆಚ್ಚು ಇರಲಿಲ್ಲ. ಅವರು ಹೇಳಿದ್ದನ್ನು ಬರೆಯುವುದು ನನ್ನ ಕೆಲಸವೆಂದು ಬರೆದೆ. ಬರೆದ ಮೇಲೆ ಒಂದು ವಾರ ಮನಸ್ಸು ತಡೆಯಲಿಲ್ಲ.

ಅವರು ಯಂತ್ರವನ್ನು ಮುಟ್ಟುವುದಿಲ್ಲ. ಅದರ ಮೇಲೆ ಶಾಲು ಹೊದಿಸಿ ಇಟ್ಟಿದ್ದಾರೆ. ಆ ಆದಿತ್ಯವಾರ ನಿನ್ನೆದುರು ಒಂದೂವರೆ ಪದ ಹೇಳಿ, "ಮಗುವಿಗೆ ಕಾಫಿ ಕೊಡು" ಎಂದು ನನ್ನನ್ನು ಕರೆದರಲ್ಲ, ಅದು ಕಾಫಿಯ ಹೊತ್ತಾಗಿರಲಿಲ್ಲ. ನಿಲ್ಲಿಸಲು ಅವರಿಗೆ ಒಂದು ನೆಪ ಬೇಕಾಗಿತ್ತು. ನೀನು ಹೋದ ಮೇಲೆ ಒಂದು ಸೊಲ್ಲು ಸಹ ಹಾಡಿಲ್ಲ. ಮೊದಲಾದರೆ ತೊಡೆಯಾದರೂ ತಟ್ಟುತ್ತಿದ್ದರು. ಈಗ ಅದೂ ಇಲ್ಲ.

ಎಂತ ಆಯಿತೆಂದು ಕೇಳಿದೆ. "ಹುಡುಗಿ ಎರಡು ತಿಂಗಳು ಊಟ ನಿದ್ದೆ ಬಿಟ್ಟು ಮಾಡಿದ್ದು, ಅದರ ಹುಳುಕು ಹೇಳುದು ಹೇಗೆ?" ಎಂದರು. ಅಷ್ಟೇ. ಯಾವ ಹುಳುಕೆಂದು ನನಗೂ ಹೇಳಲಿಲ್ಲ.

ಹೇಳಿಸಿಕೊಳ್ಳಲು ನಿನ್ನಿಂದ ಮಾತ್ರ ಸಾಧ್ಯ. ನಾನು ಬರೆದೆನೆಂದು ಬೇಕಾದರೆ ಹೇಳು, ನನಗೇನೂ ಭಯವಿಲ್ಲ. ಮೂವತ್ತೈದು ವರ್ಷ ಅವರ ಸಿಟ್ಟನ್ನು ಕಂಡಿದ್ದೇನೆ. ಸಾರಿಗೆ ಒಗ್ಗರಣೆ ಬೀಳುವುದರೊಳಗೆ ಇಳಿದಿರುತ್ತದೆ.

ದೇವಕಿ


ಪುತ್ತೂರು
14 ಸೆಪ್ಟೆಂಬರ್ 1966

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ದೇವಕಿಯಮ್ಮ ಬರೆದಿದ್ದಾರೆ. ಅವರನ್ನು ಗದರಬೇಡಿ.

ಒಂಬತ್ತನೇ ತರಗತಿಯಲ್ಲಿ ಒಂದು ಸಲ ನಾನು ಇಡೀ ಪುಟ ಲೆಕ್ಕ ಮಾಡಿ, ಉತ್ತರವೂ ಸರಿಯಾಗಿ ಬಂದು, ಹಿಗ್ಗಿನಿಂದ ನಿಮ್ಮ ಮೇಜಿಗೆ ತಂದಿದ್ದೆ. ನೀವು ಮೂರನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿರಿ. "ಎರಡು ತಪ್ಪು ಒಂದನ್ನೊಂದು ಹೊಡೆದು ಹಾಕಿ ಉತ್ತರ ಸರಿ ಬಂದಿದೆ. ಇನ್ನೊಮ್ಮೆ ಮಾಡು" ಎಂದಿರಿ. ಕೊಟ್ಟಿಗೆಯ ಹಿಂದೆ ಕುಳಿತು ಅತ್ತೆ, ಆಮೇಲೆ ಇನ್ನೊಮ್ಮೆ ಮಾಡಿದೆ. ಅಂದಿನಿಂದ ನಿಮ್ಮ ಮೇಲೆ ನನಗೆ ಭಯ ಹೋಗಿ ನಂಬಿಕೆ ಬಂತು. ಇವರು ಚೆನ್ನಾಗಿದೆ ಎಂದರೆ ಅದು ನಿಜವಾಗಿ ಚೆನ್ನಾಗಿರುತ್ತದೆ ಎಂಬ ನಂಬಿಕೆ.

ಈ ತಿಂಗಳ ಒಂದನೇ ತಾರೀಕಿನ ಕಾಗದದಲ್ಲಿ ಅಂಥ ಗೆರೆ ಒಂದೂ ಇಲ್ಲ. ಬರಿಯ ಹೊಗಳಿಕೆ. ಮೆಚ್ಚಿಕೆಯನ್ನು ಓದಿ ನಾಲ್ಕು ದಿನ ನೆಲದ ಮೇಲೆ ಕಾಲಿರಲಿಲ್ಲ, ಈಗ ನಾಚಿಕೆಯಾಗುತ್ತಿದೆ. ನೀವು ನನ್ನನ್ನು ವಿದ್ಯಾರ್ಥಿನಿಯೆಂದು ಕಾಣದೆ, ಉಡುಗೊರೆ ತಂದ ನೆಂಟರ ಹುಡುಗಿಯೆಂದು ಕಂಡಿರಿ.

ನಿಮ್ಮ ಕೃತಜ್ಞತೆ ನನಗೆ ಬೇಡ ಮಾಷ್ಟ್ರೇ. ತಪ್ಪು ಎಲ್ಲಿದೆ ಹೇಳಿ. ವಿಜಯದಶಮಿಗೆ ಇನ್ನು ಆರು ವಾರವೂ ಉಳಿದಿಲ್ಲ.

ಕಮಲಾವತಿ


ಸವಣೂರು
22 ಸೆಪ್ಟೆಂಬರ್ 1966

ಕಮಲಾವತಿ,

ಇದು ನನ್ನ ಸ್ವಂತ ಎಡಗೈಯ ಅಕ್ಷರ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ತಪ್ಪೊಪ್ಪಿಗೆಯನ್ನು ಇನ್ನೊಬ್ಬರಿಂದ ಬರೆಸುವುದು ಸರಿ ಕಾಣಲಿಲ್ಲ.

ನೀನು ಹೇಳಿದ್ದು ನಿಜ. ನಿನ್ನ ಶ್ರಮಕ್ಕೆ ಮರುಗಿ ನಿನ್ನ ಬುದ್ಧಿಗೆ ಅವಮಾನ ಮಾಡಿದೆ.

ತಪ್ಪು ಹೀಗಿದೆ. ಕೂಟದಲ್ಲಿ ಭಾಗವತ ಮೊದಲಿಗ. ಅವನು ಎಳೆದರೆ ಮದ್ದಳೆ ಎಳೆಯುತ್ತದೆ, ಅವನು ಮುಗಿಸಿದರೆ ಪಾತ್ರದ ಮಾತಾಡುವ ಅರ್ಥದಾರಿ ಬಾಯಿ ತೆರೆಯುತ್ತಾನೆ. ಯಾವ ಪದವನ್ನು ಓಡಿಸಬೇಕು, ಎಲ್ಲಿ ತಡೆದು ನಿಲ್ಲಿಸಬೇಕು ಎಂಬುದು ಹಾಡುವಾಗಲೇ ಅವನೊಳಗೆ ಹುಟ್ಟುತ್ತದೆ, ಮತ್ತು ಹುಟ್ಟುವುದು ಜಾಗಟೆಯ ಕೈಯಲ್ಲಿ. ಗಂಟಲಿಗೆ ಗೊತ್ತಾಗುವುದು ಆಮೇಲೆ. ಆದ್ದರಿಂದ ನಮ್ಮಲ್ಲಿ ಜಾಗಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಯಾರೂ ಪದ ಹೇಳುವುದಿಲ್ಲ. ಜಾಗಟೆ ಯಾರ ಕೈಯಲ್ಲಿದೆಯೋ ಭಾಗವತ ಅವನೇ. ಕೃಷ್ಣಮೋಹನನಿಗೆ ಬೇಡವೆಂದದ್ದು ಇದಕ್ಕೇ.

ಅಂದು ಬಿರಡೆ ನಿನ್ನ ಕೈಯಲ್ಲಿತ್ತು. ನೀನು ನನ್ನ ಮುಖವನ್ನೇ ನೋಡುತ್ತ ತುಂಬ ಪ್ರೀತಿಯಿಂದ ಹಿಂಬಾಲಿಸಿದೆ. ಆದರೆ ನಾನು ಎಳೆದ ಮೇಲೆ ನೀನು ಇಳಿಸುತ್ತಿದ್ದೆ. ಆ ಕಣ್ಣೆವೆ ಮುಚ್ಚುವಷ್ಟು ಹೊತ್ತಿನಲ್ಲಿ ನಾನು ನಿನ್ನನ್ನು ಕಾಯುತ್ತಿದ್ದೆ. ಒಂದೂವರೆ ಪದದಲ್ಲಿ ನನಗೆ ಗೊತ್ತಾಯಿತು: ಹಾಡುವವನು ನಾನು, ಭಾಗವತಳು ನೀನು.

ನೀನು ಹೋದ ಮೇಲೆ, ದೇವಕಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಬಿರಡೆಯನ್ನು ನಾನೇ ಹಿಡಿದು ನೋಡಿದೆ. ತಿರುಗಿಸುವುದು ಲೆಕ್ಕದ ಕೆಲಸ. ಬೆರಳು ಎಷ್ಟು ತಿರುಗಿತೆಂದು ಮನಸ್ಸು ನೋಡುತ್ತದೆ, ಪದ ಅಲ್ಲಿಯೇ ಸಾಯುತ್ತದೆ. ಜಾಗಟೆಯಲ್ಲಿ ತಿರುಗಿಸುವುದೆಂಬುದಿಲ್ಲ, ಆವೇಶ ಬಂದಾಗ ಕೈ ಬಿಗಿಯುತ್ತದೆ, ಕರುಣ ಬಂದಾಗ ಸಡಿಲುತ್ತದೆ, ಅಷ್ಟೇ.

ಇದಕ್ಕೆ ಪರಿಹಾರ ನನಗೆ ತಿಳಿಯದು. ತಪ್ಪನ್ನು ಮಾತ್ರ ತೋರಿಸಿದ್ದೇನೆ.

ರಾಮಪ್ರಸಾದ


ಪುತ್ತೂರು
4 ಅಕ್ಟೋಬರ್ 1966

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಎಡಗೈ ಅಕ್ಷರದ ಕಾಗದವನ್ನು ಡ್ಯೂಟಿಯ ನಡುವೆ ಓದಿದೆ. ಆ ಹೊತ್ತಿನಲ್ಲಿ ಗುಂಡ್ಯದ ಲೈನಿನವರು ಮೂರು ಸಲ "ಹಲೋ, ನಿದ್ದೆಯಾ ಮಾರಾಯ್ತಿ?" ಎಂದು ಕೂಗಿದರಂತೆ. ನನಗೆ ಕೇಳಿಸಲಿಲ್ಲ.

ನನ್ನ ತಪ್ಪು ನನಗೆ ಸಂಪೂರ್ಣ ಅರ್ಥವಾಯಿತು. ಊರಿನಲ್ಲಿ ಯಕ್ಷಗಾನ ನೋಡಿ ಬೆಳೆದವಳೇ. ಆದರೆ ಭಾಗವತ, ಮದ್ದಳೆಯವರ ಹಿಮ್ಮೇಳದಲ್ಲಿ ಹೆಂಗಸರು ಕೂರುವುದಿಲ್ಲವಾದ್ದರಿಂದ ಒಳಗಿನ ನಿಯಮ ಯಾರೂ ಹೇಳಿ ಕೊಟ್ಟಿರಲಿಲ್ಲ. ತಾಳವೆಂದರೆ ಎಣಿಕೆ, ಎಣಿಕೆಯನ್ನು ಯಾರು ಹಿಡಿದರೂ ಒಂದೇ ಎಂದುಕೊಂಡಿದ್ದೆ.

"ಕೈ ಬಿಗಿಯುತ್ತದೆ, ಸಡಿಲುತ್ತದೆ" ಎಂದು ಬರೆದಿರಲ್ಲ, ಪರಿಹಾರ ನಿಮಗೆ ತಿಳಿಯದೆಂದವರು ನೀವೇ ಅದನ್ನು ಬರೆದಿದ್ದೀರಿ. ಟೆಲಿಫೋನಿನಲ್ಲಿ ನಾವು ಮಾತಾಡುವ ಕಡೆ ಒಳಗೆ ಒಂದು ಬಿಲ್ಲೆ ಉಂಟು. ಅದರ ತುಂಬ ಇದ್ದಿಲಿನ ಸಣ್ಣ ಹರಳುಗಳು. ದನಿಯ ಒತ್ತಡಕ್ಕೆ ಹರಳುಗಳು ಒಂದಕ್ಕೊಂದು ಹತ್ತಿರವಾದಾಗ ಕರೆಂಟು ಸಲೀಸಾಗಿ ಹರಿಯುತ್ತದೆ, ದೂರವಾದಾಗ ತಡೆಯುತ್ತದೆ. ಬಿರಡೆಯಿಂದ ದೀಪಕ್ಕೆ ಹೋಗುತ್ತಿದ್ದ ತಂತಿಯನ್ನು ಕಿತ್ತೆ. ಅದೇ ತಂತಿಯನ್ನು ಈ ಬಿಲ್ಲೆಗೆ ಚುಚ್ಚಿದೆ. ಬೇರೆ ಏನನ್ನೂ ಬದಲಿಸಲಿಲ್ಲ.

ಬಿಲ್ಲೆಯನ್ನು ಎಡ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು. ಬಿಗಿದರೆ ತಾಳ ಓಡುತ್ತದೆ, ಸಡಿಲಿಸಿದರೆ ನಡೆಯುತ್ತದೆ, ಹೆಬ್ಬೆರಳು ಎತ್ತಿದರೆ ನಿಂತು ಕಾಯುತ್ತದೆ. ತಿರುಗಿಸುವುದು ಇಲ್ಲ, ನೋಡುವುದೂ ಇಲ್ಲ.

ತಾಳ ಬದಲಿಸುವ ತಂತಿ ಚುಚ್ಚಲು ಮಾತ್ರ ಒಬ್ಬರು ಬೇಕು. ನೀವು "ಜಂಪೆ" ಎಂದರೆ ಚುಚ್ಚುವುದು, ಅಷ್ಟೇ, ಹೇಳುವವರು ನೀವೇ. ವಿಜಯದಶಮಿಯಂದು ನನಗೆ ಡ್ಯೂಟಿ ಬಿದ್ದಿದೆ, ಬದಲಿಗೆ ಯಾರೂ ಸಿಗಲಿಲ್ಲ. ಬರುವ ಆದಿತ್ಯವಾರ ಬಂದು ದೇವಕಿಯಮ್ಮನಿಗೆ ಕಲಿಸಿ ಹೋಗುತ್ತೇನೆ. ಅವರ ಎಣಿಕೆ ಹನ್ನೊಂದಕ್ಕೆ ಹೋದರೂ ಚಿಂತೆಯಿಲ್ಲ. ಎಣಿಸುವುದು ಸೆಲೆಕ್ಟರಿನ ಕೆಲಸ.

ಕಮಲಾವತಿ


ಸವಣೂರು
26 ಅಕ್ಟೋಬರ್ 1966

ಚಿರಂಜೀವಿ ಕಮಲಾವತಿಗೆ,

ಮತ್ತೆ ದೇವಕಿಯ ಅಕ್ಷರ. ಈ ಸಲ ಹೇಳಿದ್ದನ್ನೆಲ್ಲ ಪರೀಕ್ಷಿಸಿಯೇ ಬರೆಯುತ್ತೇನೆಂದು ಮೊದಲೇ ಎಚ್ಚರಿಸಿದ್ದಾಳೆ.

ಕಡಬದಲ್ಲಿ ಕರೆಂಟು ಇರುವ ಜಾಗವೆಂದು ಕೂಟವನ್ನು ಜತ್ತಪ್ಪ ಗೌಡರ ಅಕ್ಕಿ ಮಿಲ್ಲಿಗೆ ಬದಲಾಯಿಸಿದ್ದರು. ಹಿಂದಿನ ದಿನ ಆಯುಧಪೂಜೆಯಾಗಿ ಮಿಲ್ಲಿಗೆ ರಜೆ. ನಾವು ಹೋಗಿ ನಿನ್ನ ಪೆಟ್ಟಿಗೆಯನ್ನು ಇಟ್ಟೆವೋ ಇಲ್ಲವೋ, ಗೌಡರು ಗಂಧದ ಬಟ್ಟಲು ಹಿಡಿದು ಬಂದರು. "ನಿನ್ನೆ ಮಿಲ್ಲಿನ ಎಲ್ಲ ಯಂತ್ರಕ್ಕೂ ಪೂಜೆ ಆಗಿದೆ ಮಾಷ್ಟ್ರೇ, ಇದೊಂದನ್ನು ಬಿಡುದು ಬೇಡ" ಎಂದು ಅದಕ್ಕೂ ಗಂಧ ಹಚ್ಚಿ, ಧಾರಾಳವಾಗಿ ಅಕ್ಷತೆ ಎರಚಿದರು.

ದೇವಕಿ ಪೆಟ್ಟಿಗೆಯ ಹತ್ತಿರ ಕುಳಿತಾಗ ಸಭೆಯಲ್ಲಿ ಗುಸುಗುಸು ಆಯಿತು. ಮದ್ದಳೆಯ ಮಹಾಲಿಂಗ ಹೇಳಿದ: "ದೇವಕಿಯಕ್ಕ, ಹಿಮ್ಮೇಳಕ್ಕೆ ಬಂದದ್ದು ಸಂತೋಷ. ಮಾಷ್ಟ್ರು ತಾಳ ತಪ್ಪಿದ್ರೆ ಮನೆಗೆ ಹೋಗಿ ಬೈಯುವ ಕಷ್ಟ ಇಲ್ಲ, ಇಲ್ಲಿಯೇ ಬೈಬಹುದು." ಅವಳು ಬಿಟ್ಟಾಳೆಯೇ? "ನೀನು ತಪ್ಪಿದ್ರೂ ಬೈತೇನೆ ಮಹಾಲಿಂಗ, ಒಂದೇ ಖರ್ಚು" ಎಂದಳು. ನಾನು ಬಿಲ್ಲೆಯ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುವುದನ್ನು ಕಂಡು ನನಗೂ ಒಂದು ಕೊಟ್ಟಳು: "ಗುರು ಶಿಷ್ಯನ ಹೆಬ್ಬೆರಳು ಕೇಳಿದ ಕಥೆ ಗೊತ್ತುಂಟು. ಶಿಷ್ಯೆ ಗುರುವಿನದ್ದು ಕೇಳಿದ್ದು ಇದೇ ಸುರು."

ಮೊದಲ ಎರಡು ಪದ ಏಕತಾಳದಲ್ಲಿ ಹೆಚ್ಚುಕಡಿಮೆ ಸುಸೂತ್ರವಾಗಿ ಆದವು. ಎರಡು ವಾರ ಮನೆಯಲ್ಲಿ ಅಭ್ಯಾಸ ಮಾಡಿದ್ದರೂ ಜನರ ಎದುರು ನನ್ನ ಹೆಬ್ಬೆರಳು ಬೇಕಾದ್ದಕ್ಕಿಂತ ಬಿಗಿಯಿತು, ತಾಳವೂ ಅವಸರಿಸಿತು. ಅದು ನಿನ್ನ ಯಂತ್ರದ ದೋಷವಲ್ಲ. ಭಾಗವತ ಹೆದರಿದರೆ ಜಾಗಟೆ ಹೆದರುವುದು ನ್ಯಾಯವೇ. ಮೂರನೆಯದು ಜಂಪೆ. ದೇವಕಿ ತಂತಿ ಚುಚ್ಚಿದಳು. ಎರಡು ಸುತ್ತು ಆದ ಮೇಲೆ ಏಳನೆಯ ಅಕ್ಷರದ ಪೆಟ್ಟು ಮಾಯವಾಯಿತು. ಆರು ಇದೆ, ಎಂಟು ಇದೆ, ನಡುವೆ ಖಾಲಿ. ಕೃಷ್ಣಮೋಹನ ನನ್ನ ಹಿಂದೆಯೇ ಕುಳಿತಿದ್ದ. ಅವನ ಕೈ ಜಾಗಟೆಯತ್ತ ಹೋದದ್ದು ನನಗೆ ಗೊತ್ತಾಯಿತು. ಎರಡು ತಿಂಗಳ ಹಿಂದೆಯಾದರೆ ಅಲ್ಲಿಯೇ ನಿಲ್ಲಿಸಿ ಕಾಫಿ ಕೇಳುತ್ತಿದ್ದೆ. ಅಂದು ನಿಲ್ಲಿಸಲಿಲ್ಲ. ಪೆಟ್ಟು ಇಲ್ಲದ ಜಾಗವನ್ನು ದನಿಯಿಂದ ತುಂಬಿದೆ, ಹೆಬ್ಬೆರಳು ಬಿಗಿದು ಮುಂದಿನ ಪೆಟ್ಟನ್ನು ಎಳೆದುಕೊಂಡೆ. ಮಹಾಲಿಂಗ ತಟಕ್ಕನೆ ಹಿಡಿದು ಏಳನೆಯದನ್ನು ಮದ್ದಳೆಯಲ್ಲಿ ಕೊಟ್ಟ. ಮುಂದಿನ ಸುತ್ತಿನಲ್ಲಿ ನಾವಿಬ್ಬರೂ ಆ ಖಾಲಿಯನ್ನು ಬೇಕೆಂದೇ ಇಟ್ಟದ್ದೆಂಬಂತೆ ಆಡಿಸಿದೆವು. ಸಭೆಯಲ್ಲಿ ಹಿರಿಯರೊಬ್ಬರು "ಆಹಾ" ಎಂದರು. ಯಾವುದಕ್ಕೆಂದು ಅವರಿಗೂ ಗೊತ್ತಿರಲಾರದು.

ಒಂಬತ್ತು ತಿಂಗಳಲ್ಲಿ ಮೊದಲ ಸಲ ಕೈಯ ನೆನಪು ಹೋಯಿತು, ಕಮಲಾವತಿ. ಬಲಗೈಯದೂ, ಎಡಗೈಯದೂ. ಪದ ಮಾತ್ರ ಇತ್ತು.

ಪದ ಮುಗಿದು ಅರ್ಥ ಶುರುವಾದಾಗ ದೇವಕಿ ಸೆರಗಿನ ಮರೆಯಲ್ಲಿ ಪೆಟ್ಟಿಗೆ ತೆರೆದು ನೋಡಿದಳು. ಗೌಡರ ಅಕ್ಷತೆಯ ಒಂದು ಕಾಳು ಏಳನೆಯ ಮೆಟ್ಟಿಲಿನ ಮೇಲೆ ಕುಳಿತಿತ್ತು. ತಲೆಯ ಸೂಜಿಯಿಂದ ಎಬ್ಬಿಸಿ ತೆಗೆದಳು. ಮುಚ್ಚಳದ ಸಂದು ಹೆಚ್ಚು ಅಗಲವಾಗಿದೆ. ಬಟ್ಟೆಯ ಪಟ್ಟಿ ಹಾಕಬೇಕು. ಅಷ್ಟತಾಳದ ಹನ್ನೆರಡನೆಯ ಪೆಟ್ಟು ಇನ್ನೂ ಮೆದುವಾಗಬೇಕು. ಸಡಿಲಿಸಿದಾಗ ತಾಳ ಇಳಿಯುವಷ್ಟು ನಯವಾಗಿ ಬಿಗಿದಾಗ ಏರುವುದಿಲ್ಲ, ಜಿಗಿಯುತ್ತದೆ. ಈ ಮೂರನ್ನು ಬಿಟ್ಟರೆ ಯಂತ್ರ ಚೆನ್ನಾಗಿದೆ.

ಪ್ರಸಂಗ ಅರ್ಧವಾದಾಗ ನಾನೇ ಕೃಷ್ಣಮೋಹನನನ್ನು ಮುಂದಕ್ಕೆ ಕರೆದೆ. ಅವನು ಬರಲೊಲ್ಲ. "ಇನ್ನು ಎಂತಕ್ಕೆ ಮಾಷ್ಟ್ರೇ? ನೀವೇ ಹೇಳ್ತಾ ಇದ್ದೀರಲ್ಲ" ಎಂದು ಹಿಂದೆ ಸರಿದ. ಜಾಗಟೆ ಒಪ್ಪಿಸುತ್ತೇನೆಂದು ಜೂನ್‌ನಲ್ಲಿ ನಿನಗೆ ಬರೆದಾಗ ಅದನ್ನು ದೊಡ್ಡ ತ್ಯಾಗವೆಂದು ತಿಳಿದಿದ್ದೆ. ಅದು ತ್ಯಾಗವಾಗಿರಲಿಲ್ಲ. ರೋಗ ಕಸಿದುಕೊಂಡದ್ದನ್ನು ದಾನವೆಂದು ಕರೆಯಲು ಹೊರಟಿದ್ದೆ. ನೀನು ಅದನ್ನು ಮೊದಲು ನನಗೆ ಹಿಂದಿರುಗಿಸಿದೆ. ಕೈಯಲ್ಲಿದ್ದದ್ದನ್ನು ಮಾತ್ರ ಕೊಡಬಹುದಲ್ಲವೇ? ನನ್ನ ಕೃತಜ್ಞತೆ ಬೇಡವೆಂದೆ; ಇದೊಂದಕ್ಕಾದರೂ ಅದನ್ನು ಒಪ್ಪಿಕೊಳ್ಳಲೇಬೇಕು.

ಹೆಬ್ಬೆರಳು ಎತ್ತಿ ಬಿಲ್ಲೆಯನ್ನು ಕೆಳಗಿಟ್ಟೆ, ಯಂತ್ರ ನಿಂತಿತು. ಜಾಗಟೆಯನ್ನು ಎಡಗೈಯಲ್ಲಿ ಎತ್ತಿ ಅವನಿಗೆ ಕೊಟ್ಟೆ. ಅವನು ಎದ್ದು ನಮಸ್ಕರಿಸಿ ತೆಗೆದುಕೊಂಡ. ಮಹಾಲಿಂಗ ಮದ್ದಳೆಯ ಶ್ರುತಿ ನೋಡಿಕೊಂಡ. ಕೃಷ್ಣಮೋಹನ ಕೋಲು ಹಿಡಿದು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಮುಂದಿನ ಪದ ನಿಧಾನಕ್ಕೆ ತೆಕ್ಕೊಳ್ಳುದಾ, ಓಡಿಸುದಾ ಮಾಷ್ಟ್ರೇ?"

"ನನ್ನನ್ನು ಎಂತಕ್ಕೆ ಕೇಳುದು ಮಾರಾಯ?" ಎಂದೆ. "ಭಾಗವತ ನೀನಲ್ವಾ?"

ನಿನ್ನ ಋಣದಲ್ಲಿ ಸಂತೋಷವಾಗಿರುವ
ರಾಮಪ್ರಸಾದ

ಮೇಲಿನದೆಲ್ಲ ನಿಜ. ಪರೀಕ್ಷಿಸಿದ್ದೇನೆ. — ದೇವಕಿ